ಶಾಲೆಗೆ ಕೊಟ್ಟ ತಾರೀಕು

ತಂಬ್ರಹಳ್ಳಿ
14 ಜೂನ್ 2025

ನನ್ನ ಬಂಗಾರ ರೋಜಾಗೆ ಅವ್ವ ಕೊಡುವ ಮುತ್ತುಗಳು.

ನೀನು ಸಿಟ್ಟು ಮಾಡಿಕೊಂಡು ಹಡಗಲಿಗೆ, ಚಿಕ್ಕಮ್ಮ ಸೌಭಾಗ್ಯಳ ಮನೆಗೆ ಹೋಗಿ ಇಪ್ಪತ್ತು ದಿನವಾಯಿತು. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದ ಕಟ್ ಮಾಡಲು ಗುಂಡಿ ಇಲ್ಲವಲ್ಲ, ಅದಕ್ಕೇ ನನ್ನ ಏಳನೇ ಕ್ಲಾಸಿನ ಅಕ್ಷರದಲ್ಲಿ ಬರೆಯಲು ಕೂತಿದ್ದೇನೆ. ದಿನವಿಡೀ ಮಲ್ಲಿಗೆ ಕಟ್ಟುತ್ತೀಯಂತೆ, ಬೇಸ್‌ಬಾಲ್ ಚೆಂಡು ಮುಟ್ಟಿಯೇ ಇಲ್ಲವಂತೆ, ಸೌಭಾಗ್ಯ ಹೇಳಿದಳು. ಅವತ್ತು ನನಗೆ ಊಟ ಸೇರಲಿಲ್ಲ.

ಹರಪನಹಳ್ಳಿ ಕ್ಯಾಂಪಿನ ಕೊನೆಯ ದಿನ ನಾನೂ ನಿಮ್ಮಪ್ಪನೂ ಬಂದಿದ್ದೆವಲ್ಲ. ಬೇಸ್‌ಬಾಲಿನಲ್ಲಿ ಯಾರು ಯಾಕೆ ಓಡುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಮೈದಾನದ ಅಂಚಿನಿಂದ ನೀನು ಎಸೆದ ಚೆಂಡು ನೆಲ ಮುಟ್ಟದೆ ಆಚೆ ತುದಿಯ ಹುಡುಗಿಯ ಗ್ಲೌಸಿನಲ್ಲಿ ಬಿದ್ದಾಗ, ದೂರದ ಕಾಲೇಜಿನಿಂದ ಬಂದಿದ್ದ ಕೋಚ್ ಕುರ್ಚಿ ಬಿಟ್ಟು ಎದ್ದರು. ಈ ತೋಳು ಎಲ್ಲಿ ತಯಾರಾಯಿತು ಅಂತ ನಿಮ್ಮ ಪಿ.ಟಿ. ಮೇಷ್ಟ್ರು ಪ್ರವೀಣಕುಮಾರರನ್ನು ಕೇಳಿದರು. ಕುರಿ ತಿರುಗಿಸಲು ಕಲ್ಲು ಎಸೆದೂ ಎಸೆದೂ ಅಂತ ಮೇಷ್ಟ್ರು ನಕ್ಕರು. ಪಿಯುಸಿ ಸೀಟು, ಹಾಸ್ಟೆಲ್ಲು, ಊಟ ಎಲ್ಲಾ ಕಾಲೇಜಿನದೇ ಅಂದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಆಮೇಲೆ ಅಂಕಪಟ್ಟಿ ನೋಡಿದರು. 2009ರ ಜನವರಿಯ ನಂತರ ಹುಟ್ಟಿದವರಿಗೆ ಮಾತ್ರ ಆ ಕಾಲೇಜಿನ ತಂಡದಲ್ಲಿ ಜಾಗ. ನಿನ್ನ ಪಟ್ಟಿಯಲ್ಲಿ 2008ರ ಆಗಸ್ಟ್ 9 ಅಂತಿತ್ತು. ನೀನು ಹುಟ್ಟಿದ್ದು 2010ರ ಕಾರ್ತಿಕದಲ್ಲಿ ಅಂತ ಎಷ್ಟು ಹೇಳಿದರೂ ಕಾಗದದ ಮುಂದೆ ಬಾಯಿಮಾತು ನಡೆಯಲಿಲ್ಲ. ತಿದ್ದಿಸಲು ಕೋರ್ಟಿಗೆ ಹೋಗಬೇಕು, ಅಷ್ಟು ದಿನ ಸೀಟು ಕಾಯುವುದಿಲ್ಲ ಅಂದರು. ಅದು ನಿನ್ನ ಗೆಳತಿ ಅಮೃತಾಗೆ ಹೋಯಿತು.

ಬಸ್‌ಸ್ಟ್ಯಾಂಡಿನಲ್ಲಿ ಜನರ ಮುಂದೆ ನೀನು ನಿಮ್ಮಪ್ಪನಿಗೆ ಅಂದೆ: “ನನ್ನ ಸಾಲಿಗೆ ಹಚ್ಚಾಕ ಹೆಡ್‌ಮಾಸ್ತರ ಹತ್ರ ಹೋದವ ನೀನು. ಮಗಳು ಹುಟ್ಟಿದ ದಿನಾನೂ ಗೊತ್ತಿಲ್ಲ ನಿನಗ. ಇನ್ನ ನನ್ನ ಮಾತಾಡಸಬ್ಯಾಡ.” ಅವರು ತಲೆ ತಗ್ಗಿಸಿ ನಿಂತರು. ನಾನೂ ಬಾಯಿ ಬಿಡಲಿಲ್ಲ.

ಮಾಡಿದ್ದುಣ್ಣೋ ಮಾರಾಯ ಅಂತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ಅವರು. ಆ ತಾರೀಕು ಕೊಟ್ಟಿದ್ದು ನಾನು, ರೋಜಾ. ನೀನು ಶಾಲೆಗೆ ಸೇರಿದ ವರ್ಷ ಬಿತ್ತನೆ ಶುರುವಾದ ಕೂಡಲೇ ಕುರಿ ಹೊಡೆದುಕೊಂಡು ದೂರ ಹೋಗಬೇಕಿತ್ತು. ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಶಾಲೆಗೆ ಹಾಕಲೇಬೇಕು ಅಂತ ಹಟ ಹಿಡಿದೆ. ನಿನಗಿನ್ನೂ ಐದು ತುಂಬಿರಲಿಲ್ಲ. ಚಿಕ್ಕವಳು, ಇನ್ನೊಂದು ವರ್ಷ ತಡೀರಿ ಅಂತ ಹೆಡ್‌ಮೇಷ್ಟ್ರು ವಾಪಸ್ ಕಳಿಸಿದರು. ಮರುದಿನ ನಾನೊಂದು ಜನನ ಪತ್ರ ತೆಗೆದು ನಿಮ್ಮಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಹಿಡಿದು ಬಾಗಿಲಲ್ಲೇ ಬಹಳ ಹೊತ್ತು ನಿಂತರು. “ಇದನ್ನ ಕೊಡಾಕ ನನ್ನ ಕೈಲಿ ಆಗಂಗಿಲ್ಲ” ಅಂದರು. ನಾನೇ ಬೈದು ಕಳಿಸಿದೆ.

ನೀನು ಅಂದ ಮಾತಿಗೆ ಅವರು ಇವತ್ತಿನವರೆಗೂ ನನ್ನ ಕಡೆ ಬೆರಳು ತೋರಿಸಿಲ್ಲ. ನಾಳೆ ಕುರಿ ಹೊಡೆದುಕೊಂಡು ಹೊರಡುತ್ತಾರೆ. ಅವರಿಗೊಂದು ಫೋನ್ ಮಾಡು ತಾಯಿ. ನನಗೆ ಮಾಡದಿದ್ದರೂ ಸರಿ.

ನಿನ್ನ ಹಾದಿ ನೋಡುತ್ತಿರುವ
ಅವ್ವ ಗಾದೆಮ್ಮ

ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದೆ. ಆ ಜನನ ಪತ್ರ ಸುಳ್ಳಲ್ಲ. ಆಸ್ಪತ್ರೆಯವರೇ ಕೊಟ್ಟಿದ್ದು, ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ ಇತ್ತು. ನಿನಗಿಂತ ಮೊದಲು ನನಗೊಬ್ಬಳು ಮಗಳಿದ್ದಳು. ನೀನು ಹೊಟ್ಟೆಯಲ್ಲಿದ್ದಾಗ, ಕುರಿಯ ಹಿಂದೆ ಹೋದ ಕಡೆ, ಜ್ವರ ಬಂದು ಎರಡೇ ದಿನಕ್ಕೆ ಹೋದಳು. ಅದಕ್ಕೇ ನಿನ್ನನ್ನು ಆ ಹಾದಿಗೆ ಕರೆದೊಯ್ಯಲು ನನಗೆ ಧೈರ್ಯ ಬರಲಿಲ್ಲ. ನಿನ್ನ ಮುಂದೆ ಅವಳ ಮಾತು ಎತ್ತಬಾರದು ಅಂತ ಎಲ್ಲರಿಂದ ಆಣೆ ಮಾಡಿಸಿದ್ದೆ. ಅವಳನ್ನು ಮಾರೆಮ್ಮ ಅಂತ ಕರೆಯುತ್ತಿದ್ದೆವು. ಅವಳು ಇದ್ದಳು ಅನ್ನುವುದಕ್ಕೆ ನಿಮ್ಮಪ್ಪನ ಹತ್ತಿರ ಉಳಿದಿದ್ದು ಆ ಕಾಗದ ಒಂದೇ, ಅದನ್ನೂ ನಿನಗೆ ಕೊಟ್ಟುಬಿಟ್ಟರು.