ಒಟ್ಟು ನಾಲ್ಕು

ಕೋಲಾರ
15-11-1983

ಮಾಲೂರಿನಲ್ಲಿ ಮುನಿಸಿಕೊಂಡು ಕೂತಿರುವ ನನ್ನ ಭಾರತಿಗೆ,

ನಾನೂ ಮಗಳೂ ಚೆನ್ನಾಗಿದ್ದೇವೆ. ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ನಿನ್ನ ಟೈಪಿಸ್ಟ್ ಇಂಟರ್‌ವ್ಯೂ ರದ್ದಾಗಿದೆ ಎಂಬ ಕಾರ್ಡು ನಮ್ಮ ಕಚೇರಿಯಿಂದಲೇ ಬಂದಿತಲ್ಲ, ಸಿಟ್ಟು ಬಂದಿರುವುದು ನ್ಯಾಯವೇ. ರಾಯಲ್ಪಾಡಿನಲ್ಲಿ ಒಂದೇ ಕೇರಿಯಲ್ಲಿ ಬೆಳೆದವಳು ಕಚೇರಿಯ ಒಳಗೇ ಇದ್ದೂ ಏನೂ ಮಾಡಲಿಲ್ಲ ಎಂದು ಬೈದುಕೊಂಡಿರುತ್ತೀಯ. ಈಗ ಒಳ್ಳೆಯ ಸುದ್ದಿ ಇದೆ. ಆದರೆ ಕಥೆ ಹೇಳದೆ ಸುದ್ದಿ ಕೊಡುವವಳಲ್ಲ ನಾನು. ಪೂರ್ತಿ ಓದು.

ನಮ್ಮದು ಆರೇ ಜನರ ಕಚೇರಿ. ಬೇರೆ ಕಚೇರಿಗಳಲ್ಲಿ ಜನರ ಅರ್ಜಿಗಳು ಯಾಕೆ ಕೊಳೆಯುತ್ತಿವೆ, ಯಾರು ಸುಳ್ಳು ವರದಿ ಕಳಿಸಿದ್ದಾರೆ ಎಂದು ತಪಾಸಣೆ ಮಾಡುವುದು ನಮ್ಮ ಕೆಲಸ. ನಾವು ಬಂದೆವೆಂದರೆ ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಗುಮಾಸ್ತರು ಕುಡಿಯುತ್ತಿದ್ದ ಟೀ ಬಿಟ್ಟು ಎದ್ದು ನಿಲ್ಲುತ್ತಾರೆ. ಅಂಥ ನಮಗೇ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಒಂದು ನಮೂನೆ ಬಂತು. ನಿಮ್ಮ ಸಿಬ್ಬಂದಿಯಲ್ಲಿ ಹೆಂಗಸರೆಷ್ಟು, ಪರಿಶಿಷ್ಟ ಜಾತಿಯವರೆಷ್ಟು, ಕನ್ನಡ ಮನೆಮಾತಲ್ಲದವರೆಷ್ಟು, ವಿಧವೆಯರೆಷ್ಟು, ಭರ್ತಿ ಮಾಡಿ ಕಳಿಸಿ ಎಂದು.

ನಮ್ಮ ಸಾಹೇಬರು ಕೋದಂಡರಾಮಪ್ಪನವರು ಕೆಟ್ಟವರಲ್ಲ, ಅವಸರದವರು. ಹೆಂಗಸರು ಒಬ್ಬರು ಎಂದು ಬರೆದರು. ಪರಿಶಿಷ್ಟ ಜಾತಿ ಒಬ್ಬರು. ತೆಲುಗು ಮನೆಮಾತು ಒಬ್ಬರು. ವಿಧವೆ ಒಬ್ಬರು. ಆ ನಾಲ್ಕು ಜನವೂ ನಾನೇ ಕಣೇ! ಕೆಳಗೆ ಒಟ್ಟು ನಾಲ್ಕು ಎಂದು ಕೂಡಿ ಕಳಿಸಿಬಿಟ್ಟರು. ಆರು ಜನರಲ್ಲಿ ನಾಲ್ಕು!

ಬೆಂಗಳೂರಿನವರು ಹಿಗ್ಗಿಹೋದರು. ನಿಮ್ಮದು ಮಾದರಿ ಕಚೇರಿ ಎಂದು ಹೊಗಳಿ ಬರೆದರು. ಅದೇ ಕಾಗದದ ಕೊನೆಯಲ್ಲಿ, ಈಗಾಗಲೇ ಇಷ್ಟು ಜನ ಇರುವುದರಿಂದ ಮಹಿಳೆಗೆಂದು ಕೇಳಿದ್ದ ಹೊಸ ಟೈಪಿಸ್ಟ್ ಹುದ್ದೆ ಅನಗತ್ಯ ಎಂದೂ ಬರೆದರು. ಅದೇ ನಿನ್ನ ಹುದ್ದೆ. ನಿನಗೆ ಬಂದ ಕಾರ್ಡಿನ ಹಿಂದಿನ ಸಂಗತಿ ಇದು.

ಹೊಗಳಿ ಸುಮ್ಮನಿರಬಾರದೇ? ಆ ನಾಲ್ವರನ್ನು ಕಂಡು ಮಾತಾಡಿಸಲು ಮೇಲಧಿಕಾರಿ ಶ್ಯಾಮಲಮ್ಮನವರು ಮೊನ್ನೆ ಶುಕ್ರವಾರ ಖುದ್ದಾಗಿ ಬಂದರು. ಬೆಳಿಗ್ಗೆಯಿಂದಲೇ ಸಾಹೇಬರ ಮುಖದಲ್ಲಿ ಬೆವರು. ನನ್ನನ್ನು ಕರೆದು, "ಅಂಜಮ್ಮಾ, ಪಕ್ಕದ ಆಫೀಸಿಂದ ಮೂರು ಜನಾನ ಅರ್ಧ ಗಂಟೆ ಕರ್ಕೊಂಬಂದು ಕೂರಿಸ್ಕೊಳ್ಳೋಣ್ವಾ?" ಎಂದರು. ಇಲ್ಲವೆಂದರೆ ಏನಾಗಬಹುದು ಎಂದು ನನಗೆ ಗೊತ್ತಿತ್ತು. ನನ್ನ ನೌಕರಿ ಕಾಯಂ ಆಗುವ ಫೈಲು ಅವರ ಮೇಜಿನ ಮೇಲೇ ಇದೆ. ಆದರೂ, "ಊರೋರ ಸುಳ್ಳು ಹಿಡಿಯೋ ಆಫೀಸು ಸಾರ್ ನಮ್ದು, ನನ್ನ ಕೈಲಾಗಲ್ಲ" ಎಂದುಬಿಟ್ಟೆ. ಅವರು ಬೈಯಲಿಲ್ಲ, ತಲೆ ಮೇಲೆ ಕೈ ಹೊತ್ತು ಕೂತರು.

ಶ್ಯಾಮಲಮ್ಮನವರು ಒಳಗೆ ಸಾಹೇಬರ ಜೊತೆ ಕೂತು ನಮೂನೆ ಹಿಡಿದುಕೊಂಡು ಒಬ್ಬೊಬ್ಬರನ್ನೇ ಕಳಿಸಿ ಎಂದರು. ಅಟೆಂಡರ್ ಗಂಗುಲಪ್ಪ ಬಾಗಿಲಲ್ಲಿ ನಿಂತು, "ಹೆಂಗಸರು ಬರ್ಬೇಕಂತೆ" ಎಂದ. ಹೋದೆ. ಇಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೇ ಎಂದು ಕೇಳಿದರು. ಇಲ್ಲ, ಹಿಂದಿನ ಬೀದಿಯ ಮೇಷ್ಟ್ರ ಮನೆಗೆ ಹೋಗುತ್ತೇನೆ, ಅವರು ಊರಿಗೆ ಹೋದ ದಿನ ನೀರೇ ಕುಡಿಯುವುದಿಲ್ಲ ಎಂದೆ. ಬರೆದುಕೊಂಡು ಕಳಿಸಿದರು.

"ಪರಿಶಿಷ್ಟ ಜಾತಿಯೋರು ಬರ್ಬೇಕಂತೆ" ಎಂದ ಗಂಗುಲಪ್ಪ. ಮತ್ತೆ ಹೋದೆ. ಅವರು ಕನ್ನಡಕ ಸರಿಮಾಡಿಕೊಂಡರು, ಆದರೆ ಕೇಳುವುದನ್ನು ಬಿಡಲಿಲ್ಲ. ಎಲ್ಲರೂ ಒಂದೇ ಲೋಟದಲ್ಲಿ ನೀರು ಕುಡಿಯುತ್ತೀರಾ ಎಂದರು. ನನ್ನ ಲೋಟ ಕಿಟಕಿಯ ಮೇಲಿರುತ್ತದೆ, ಅಲ್ಲಿಡು ಎಂದು ಯಾರೂ ಹೇಳಿಲ್ಲ, ಬೇರೆ ಕಡೆ ಇಟ್ಟರೆ ಮರುದಿನ ಅಲ್ಲೇ ಇರುತ್ತದೆ ಎಂದೆ. ಸಾಹೇಬರು ನೆಲ ನೋಡಿದರು.

ಮೂರನೇ ಸಲ ತೆಲುಗಿನವಳಾಗಿ ಒಳಗೆ ಬಂದಾಗ ಆಯಮ್ಮ ಪೆನ್ನು ಕೆಳಗಿಟ್ಟು, "ಮಳ್ಳೀ ಮೀರೇನಾ?" ಎಂದು ತೆಲುಗಿನಲ್ಲೇ ಕೇಳಿದರು. ಹೌದಮ್ಮ, ಮತ್ತೆ ನಾನೇ, ಇನ್ನೂ ಒಂದು ಸಲ ಬರುವುದಿದೆ ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ಹೊರಗೆ ಗಂಗುಲಪ್ಪ ಬಾಯಿಗೆ ಟವಲ್ಲು ಇಟ್ಟುಕೊಂಡಿದ್ದ.

ನಾಲ್ಕನೆಯ ಸಲ ಮಾತ್ರ ನನಗೆ ತಮಾಷೆ ಎನಿಸಲಿಲ್ಲ ಭಾರತಿ. "ವಿಧವೆ" ಎಂದು ಕೂಗಲು ಗಂಗುಲಪ್ಪನಿಗೂ ಬಾಯಿ ಬರಲಿಲ್ಲ, ಸುಮ್ಮನೆ ಬಾಗಿಲು ಸರಿಸಿದ. ಅವನಿಗಿಂತ ಮುಂಚೆ ಆ ಬಾಗಿಲಲ್ಲಿ ನಿಂತು ಜನರನ್ನು ಕೂಗುತ್ತಿದ್ದವರು ನಮ್ಮವರಲ್ಲವೇ. ಅವರು ಹೋದ ಮೇಲೆ ತಾನೇ ನನಗೆ ಈ ಕೆಲಸ ಕೊಟ್ಟದ್ದು. ಒಳಗೆ ಹೋದೆ. ಶ್ಯಾಮಲಮ್ಮನವರು ಎದ್ದು, ಕುರ್ಚಿ ಎಳೆದು, "ಕೂತ್ಕೊಳ್ಳಿ. ನಡೆದೂ ನಡೆದೂ ಸಾಕಾಗಿರ್ಬೇಕು" ಎಂದರು. ಎರಡು ವರ್ಷದಲ್ಲಿ ಸಾಹೇಬರ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು.

ಅವರು ಕೂಗಾಡಲಿಲ್ಲ. ನಾಲ್ಕನ್ನು ಹೊಡೆದುಹಾಕಿ ಒಂದು ಎಂದು ಬರೆದು ಸಾಹೇಬರಿಂದ ಸಹಿ ಮಾಡಿಸಿದರು. ಹುದ್ದೆಯನ್ನು ಮತ್ತೆ ತೆರೆಯಲು ಅಲ್ಲೇ ಆದೇಶ ಬರೆಸಿದರು. ಇಂಟರ್‌ವ್ಯೂ ಡಿಸೆಂಬರ್ ಐದು, ಸೋಮವಾರ, ಹತ್ತು ಗಂಟೆಗೆ. ಮೂಲ ಸರ್ಟಿಫಿಕೇಟುಗಳನ್ನು ಮರೆಯಬೇಡ. ಮಾಲೂರಿನಿಂದ ಮೊದಲ ಬಸ್ಸಿಗೆ ಬರುವ ಸಾಹಸ ಬೇಡ, ಭಾನುವಾರವೇ ಬಂದು ನಮ್ಮ ಮನೆಯಲ್ಲಿ ಮಲಗು. ನಿನ್ನ ಬೆರಳು ಓಡುವ ಓಟಕ್ಕೆ ಬೇರೆ ಯಾರೂ ನಿಲ್ಲುವುದಿಲ್ಲ, ನನಗೆ ಅನುಮಾನವೇ ಇಲ್ಲ. ನನ್ನ ಫೈಲಿಗೆ ಸಾಹೇಬರು ಇನ್ನೂ ಸಹಿ ಹಾಕಿಲ್ಲ. ಹಾಕುತ್ತಾರೆ, ಹಾಕದಿದ್ದರೆ ನಾಲ್ಕು ಸಲ ಹೋಗಿ ಕೇಳುತ್ತೇನೆ.

ನಿನ್ನ ದಾರಿ ನೋಡುವ,
ಅಂಜಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ಮೇಲೆ ಸಾಹೇಬರ ತಲೆಗೆ ಕಟ್ಟಿದ್ದು ಸುಳ್ಳು. ಇಲ್ಲಿ ಈಗ ಟೈಪಿಂಗೆಲ್ಲ ನನ್ನದೇ ತಾನೇ, ಅವರು ಒಟ್ಟು ಎನ್ನುವ ಜಾಗವನ್ನು ಖಾಲಿ ಬಿಟ್ಟು ಟೈಪ್ ಮಾಡಲು ನನಗೆ ಕೊಟ್ಟಿದ್ದರು. ನಾಲ್ಕು ಎಂದು ಕುಟ್ಟಿದವಳು ನಾನು. ಸಂಖ್ಯೆ ದೊಡ್ಡದಾದರೆ ಹೊಸ ಹುದ್ದೆ ಬರುವುದಿಲ್ಲ ಎಂದು ಗೊತ್ತಿದ್ದೇ ಕುಟ್ಟಿದೆ. ಟೈಪಿಂಗ್ ಪರೀಕ್ಷೆಯಲ್ಲಿ ನೀನು ಸೀನಿಯರ್ ಪಾಸು, ನಾನು ಜೂನಿಯರ್‌ನಲ್ಲೇ ಎರಡು ಸಲ ಫೇಲು. ನೀನು ಬಂದರೆ ನನ್ನನ್ನು ಕೇಳುವವರು ಯಾರು ಎಂದು ಹೆದರಿದೆ. ಇದನ್ನು ಓದಿದ ಮೇಲೆ ನಮ್ಮ ಮನೆಗೆ ಬರದಿದ್ದರೂ ಪರವಾಗಿಲ್ಲ, ನನ್ನ ಮುಖ ನೋಡದಿದ್ದರೂ ಪರವಾಗಿಲ್ಲ. ಐದನೇ ತಾರೀಖು ಹತ್ತು ಗಂಟೆಗೆ ಮಾತ್ರ ಬಾ.