ಹಿಂಬಾಗಿಲಲ್ಲಿ ಕೊಟ್ಟ ಬ್ರೆಡ್

ಮಾರ್ಚ್ ೧೧, ಮಂಗಳವಾರ. ಪಿನ್ನರ್.

ಸಿಟ್ಟು ಇಳಿಯುತ್ತಿಲ್ಲ. ನಮ್ಮ ಮನೆಯಲ್ಲಿ ಆಶ್ರಯ ಪಡೆದಿರುವ ಉಕ್ರೇನಿನ ಹುಡುಗಿ ಹಲೀನಾಳ ಅಪ್ಪನನ್ನು ಅಲ್ಲಿಗೆ ದಂಡೆತ್ತಿ ಬಂದ ಸೈನಿಕರು ಎಳೆದೊಯ್ದಿದ್ದಾರೆ. ಅವರು ವಶಪಡಿಸಿಕೊಂಡ ಊರಿನಲ್ಲಿ ಆತನದು ಬೇಕರಿ. ತಮ್ಮ ಪಾಸ್‌ಪೋರ್ಟ್ ಪಡೆಯದವರಿಗೆ ಬ್ರೆಡ್ ಕೊಡಕೂಡದೆಂದು ಅವರ ಅಪ್ಪಣೆ. ಮುದುಕ ಹಿಂಬಾಗಿಲಿನಿಂದ ಕೊಟ್ಟ. ಊರಿನ ಭದ್ರತೆಗೆ ಅದೇ ಅಪಾಯವಂತೆ! ಥೂ!

ಸಾರನ್ನ ಕಲಸುತ್ತಾ ನನ್ನ ಗಂಡ, "ರೂಲ್ಸ್ ಫಾಲೋ ಮಾಡಿದ್ರೆ ಸೇಫಾಗಿರ್ತಿದ್ದ. ಸುಮ್ನೆ ಹೀರೋ ಆಗಕ್ಕೆ ಹೋದ," ಎಂದರು.

ಹಲೀನಾ ಅಳುಮುಖದಲ್ಲಿ ನನ್ನತ್ತ ತಿರುಗಿ, ಅವರು ಏನಂದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನಿಮ್ಮಪ್ಪ ದೊಡ್ಡ ಮನುಷ್ಯ ಅಂದ್ರು," ಎಂದು ಸುಳ್ಳು ಹೇಳಿದೆ.

ಅವಳು ಎದ್ದುಹೋಗಿ ಅವರ ಕೈ ಹಿಡಿದು ಥ್ಯಾಂಕ್ಯೂ ಎಂದಳು. ಈ ಮಹಾಶಯರು ನಗುತ್ತಾ "ವೆಲ್ಕಮ್" ಅಂದರು.

ಈಗ ಪಕ್ಕದಲ್ಲೇ ಗೊರಕೆ. ಎಬ್ಬಿಸಿ ಕೇಳಿಬಿಡಲಾ, ನಿಮಗೆ ಆ ಥ್ಯಾಂಕ್ಯೂ ಯಾತಕ್ಕೆ ಸಿಕ್ಕಿತೆಂದು ಗೊತ್ತಾ ಅಂತ?