ಹೊಳೆಗೆ ಬಿಟ್ಟವರು

ಮಾರ್ಚ್ ೧೬, ಭಾನುವಾರ

ಅಪ್ಪ ಇವತ್ತೂ ಇಸ್ತ್ರಿ ಶರ್ಟ್ ಹಾಕಿಕೊಂಡು ಹೊರಟರು. ವಾಕಿಂಗ್‌ಗಂತೆ. ಬಂದಾಗ ಹನ್ನೊಂದೂವರೆ. ಇಡೀ ಶ್ರೀರಾಂಪುರ ಸುತ್ತಿದರೂ ಇಷ್ಟು ಹೊತ್ತು ಬೇಡ. "ಎಲ್ಲಿಗೆ ಹೋಗಿದ್ರಿ?" ಅಂದೆ. "ಇಲ್ಲೇ ಕಣವ್ವ." ಮುಖ ನೋಡಲಿಲ್ಲ. ಅಮ್ಮ ಹೋದ ಮೇಲೆ ಗೇಟು ದಾಟದಿದ್ದ ಮನುಷ್ಯ.

ಮಾರ್ಚ್ ೩೦

ಚರ್ಚಿಗೆ ಹೋಗುತ್ತಿದ್ದಾರೆ. ಹಿಂದಿನ ಬೀದಿಯ ಸುಮಿತ್ರಮ್ಮನ ಜೊತೆ. ಕೆಲಸದ ನೀಲಮ್ಮ ನೋಡಿದ್ದಾಳೆ. ಸುಮಿತ್ರಮ್ಮ ಕ್ರಿಶ್ಚಿಯನ್, ಗಂಡ ತೀರಿಕೊಂಡಿದ್ದಾರೆ. ಈ ವಯಸ್ಸಲ್ಲಿ ಅಪ್ಪನಿಗೆ... ಬೇಡ, ಬರೆಯುವುದಿಲ್ಲ. ಇಲ್ಲವೇ ಮತಾಂತರ. ಒಂಟಿ ಮುದುಕ ಸಿಕ್ಕಿದ ಅಂತ ಹಿಡಿದುಕೊಂಡಿರಬೇಕು.

ಏಪ್ರಿಲ್ ೧೯, ಸಂಜೆ

ನಾಳೆ ಈಸ್ಟರ್. ಬೆಳಗಿನ ಜಾವಕ್ಕೇ ಅಪ್ಪನ ಸ್ನಾನಕ್ಕೆ ಬಿಸಿನೀರು ಬೇಕಂತೆ. ನಾಳೆಯೇ ತಲೆಗೆ ನೀರು ಹಾಕಿ ಅವರ ಧರ್ಮಕ್ಕೆ ಸೇರಿಸಿಕೊಳ್ಳುತ್ತಾರೋ ಏನೋ— ಹಿಂದೆಯೇ ಹೋಗುತ್ತೇನೆ.

ಏಪ್ರಿಲ್ ೨೦

ಅವರ ಆಟೊ ಹಿಂದೆ ಸ್ಕೂಟಿಯಲ್ಲಿ ಹೋದೆ. ಚರ್ಚಲ್ಲ, ಕ್ರಿಶ್ಚಿಯನ್ನರ ಸ್ಮಶಾನ. ಈಸ್ಟರ್ ಜಾವದ ಪ್ರಾರ್ಥನೆ ಅಲ್ಲೇ. ಸಮಾಧಿಗಳ ಮೇಲೆ ಹೂ, ಮೇಣದಬತ್ತಿ. ಸುಮಿತ್ರಮ್ಮ ಗಂಡನ ಸಮಾಧಿ ಹತ್ತಿರ ನಿಂತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಪಾಸ್ಟರ್ ಹತ್ತಿರ ಹೋದರು. ನಾನು ಬೇವಿನ ಮರದ ಹಿಂದೆ.

"ಸ್ವಾಮಿ, ಮಣ್ಣಲ್ಲಿಟ್ಟೋರು ಎದ್ದೇಳ್ತಾರೆ ಅಂತೀರಿ. ನಮ್ಮೋಳ್ನ ಸುಟ್ಟು ಬೂದೀನ ಪಶ್ಚಿಮವಾಹಿನೀಲಿ ಹೊಳೆಗೆ ಬುಟ್ಬುಟ್ಟೆ. ಅವ್ಳು ಎಂಗೆ ಎದ್ದಾಳು?"

ಪಾಸ್ಟರ್ ಕೈಲಿದ್ದ ಬೈಬಲ್ ಮುಚ್ಚಿದರು. "ಹೇಗೆ ಅಂತ ನನಗೆ ಗೊತ್ತಿಲ್ಲ ಜವರಯ್ಯನವರೇ. ಮಣ್ಣಲ್ಲಿಟ್ಟವರೂ ಮಣ್ಣೇ ಆಗೋದು. ದೇವರು ಯಾರನ್ನೂ ಮರೆಯಲ್ಲ. ಅಷ್ಟೇ ನಮ್ಮ ಭರವಸೆ."

"ಗುರ್ತು ಸಿಗ್ತದಾ?"

"ಯೇಸು ಎದ್ದು ಬಂದಾಗ ಕೈಯಲ್ಲಿ ಮೊಳೆ ಗಾಯ ಹಾಗೇ ಇತ್ತು. ಅದನ್ನೇ ತೋರಿಸಿದ್ದು."

"ಅಂಗಾದ್ರೆ ಸಿಗ್ತದೆ," ಅಂದರು ಅಪ್ಪ. "ಅವ್ಳ ಎಡಗೈಲಿ ಎಣ್ಣೆ ಸಿಡಿದ ಕಲೆ ಅದೆ."

ಅದೆ ಅಂದರು. ಇತ್ತು ಅನ್ನಲಿಲ್ಲ.

ಏಪ್ರಿಲ್ ೨೧

ಪಾಸ್ಟರ್ "ಗೊತ್ತಿಲ್ಲ" ಅಂದಿದ್ದೂ ಜನರನ್ನು ಸೆಳೆಯುವ ಉಪಾಯವಿರಬಹುದು. ಫೋನಿನಲ್ಲಿ ಅಮ್ಮನ ಫೋಟೊ ಎಲ್ಲ ತೆಗೆದು ನೋಡಿದೆ. ಒಂದರಲ್ಲೂ ಕಲೆ ಕಾಣುವುದಿಲ್ಲ. ಎಡಗೈ ಅಂತ ಅಪ್ಪ ಹೇಳಿದ ಮೇಲೆ ಗೊತ್ತಾಗಿದ್ದು. ನನಗೆ ನೆನಪೇ ಇರಲಿಲ್ಲ.

ಏಪ್ರಿಲ್ ೨೭, ಬೆಳಿಗ್ಗೆ

ಅಪ್ಪನಿಗೆ ಗೊತ್ತಂತೆ. "ಅವತ್ತು ನಿನ್ ಸ್ಕೂಟಿ ನೋಡ್ದೆ ಕಣವ್ವ. ಕದ್ದು ಯಾಕೆ ಬತ್ತೀಯ?"

ಧರ್ಮ ಬಿಡ್ತೀರಾ ಅಂತ ಕೇಳಿಯೇಬಿಟ್ಟೆ.

"ಇನ್ನೂ ಗೊತ್ತಿಲ್ಲ. ನಿಮ್ಮವ್ವ ಸಿಗ್ತಾಳೆ ಅನ್ನೋ ಮಾತು ಕೇಳಾಕೆ ಹೋಯ್ತೀನಿ. ಮಿಕ್ಕೋರೆಲ್ಲ ಮರ್ತುಬುಡು ಅಂತಾರೆ."

ನಾನೂ ಅಂದಿದ್ದೆ.

ನನಗೆ ನಂಬಿಕೆಯಿಲ್ಲ. ಅವರೊಬ್ಬರನ್ನೇ ಕಳಿಸಲು ಧೈರ್ಯವೂ ಇಲ್ಲ. ಹಿಂದಿನ ಬೆಂಚು, ಬಾಗಿಲ ಹತ್ತಿರ— ಇವತ್ತೊಂದು ದಿನ ಚರ್ಚಿಗೆ ಜೊತೆಗೆ ಬರ್ತೀನಿ ಅಂದಿದ್ದೇನೆ. ಹೊರಗೆ ಅಪ್ಪ ಸ್ಕೂಟಿ ಹಾರ್ನ್ ಹೊಡೆಯುತ್ತಿದ್ದಾರೆ. ಸೀರೆಯೋ, ಚೂಡಿದಾರವೋ... ಯಾರನ್ನು ಕೇಳ—